ಕನ್ನಗಳ್ಳನಿಗೆ ಮೂರೇ ಮಂತ್ರ: ಯಾವುದನ್ನು ಆರಿಸಬೇಕು?

ನಮ್ಮ ಮನೆಯಲ್ಲಿ ನಡೆಯುವ ಕಥೆ ಕಟ್ಟುವ ದಾಳದಾಟದಲ್ಲಿ ತನ್ನ ಪಾತ್ರ ಮೂರನೇ ಲೆವೆಲ್‌ಗೆ ಏರಿದ ಭಾನುವಾರ ನನ್ನ ಅಕ್ಕನ ಮಗಳು ಮಂತ್ರಗಳ ಪಟ್ಟಿಯನ್ನು ಮುಂದೆ ಹರಡಿಕೊಂಡು ಒಂದೂವರೆ ತಾಸು ಕುಳಿತಿದ್ದಳು. ಮಿರ್ಚಿ ಆರಿಹೋಯಿತು, ಒಗ್ಗರಣೆ ಮಂಡಕ್ಕಿ ಮೆತ್ತಗಾಯಿತು, ಉಳಿದ ಮೂವರು ದಾಳಗಳನ್ನು ಅಂಗೈಯಲ್ಲಿ ಕುಲುಕುತ್ತ ಕಾದರು. ಕೊನೆಗೆ ಅವಳು ಎದುರಾಳಿಯನ್ನು ಮರುಳು ಮಾಡುವ ಚಾರ್ಮ್ ಪರ್ಸನ್, ನಗಿಸಿ ನೆಲಕ್ಕುರುಳಿಸುವ ಹಿಡಿಯಸ್ ಲಾಫ್ಟರ್, ಮಾಯಾಬಾಣ ಬಿಡುವ ಮ್ಯಾಜಿಕ್ ಮಿಸೈಲ್ ಎಂಬ ಮೂರನ್ನು ಬರೆದುಕೊಂಡಳು. ಮುಂದಿನ ಎರಡು ವಾರ ಅವು ಅವಳ ಕೈಹಿಡಿಯಲಿಲ್ಲ. "ಮಾಮಾ, ನನ್ನ ಕಳ್ಳನಿಗೆ ಮಂತ್ರ ಬರುತ್ತದೋ ಇಲ್ಲವೋ ಎಂದು ನನಗೇ ಅನುಮಾನ" ಎಂದಳು. ತಪ್ಪು ಅವಳದಲ್ಲ. ಆಟ ನಡೆಸುವ ನಾನು ಮೊದಲೇ ಜೊತೆಗೆ ಕುಳಿತು ವಿವರಿಸಬೇಕಿತ್ತು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ್ದು. ಡಂಜನ್ ಮಾಸ್ಟರ್ ಆದವರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ, ಗೆಲುವು ಸೋಲುಗಳನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡಾಟದಲ್ಲಿ ಸಾರಥಿಯು ಪಾತ್ರಗಳನ್ನು ಮಾತಿಗೆಳೆಯುವುದನ್ನು ನೋಡಿದವರಿಗೆ ಈ ಆಟದ ಅರ್ಧ ಆಗಲೇ ಗೊತ್ತು. ಇಲ್ಲಿನ ರೋಗ್ ಎಂಬ ಪಾತ್ರ ನಮ್ಮ ಕನ್ನಗಳ್ಳ: ಬೀಗ ತೆಗೆಯುವವನು, ನೆರಳಿಗೆ ಅಂಟಿ ನಿಲ್ಲುವವನು, ಹೊಂಚು ಹಾಕಿ ಒಂದೇ ಏಟು ಹೊಡೆಯುವವನು. 2014ರ ಐದನೇ ಆವೃತ್ತಿಯಲ್ಲಿ ಈ ಕಳ್ಳ ಮೂರನೇ ಲೆವೆಲ್‌ನಲ್ಲಿ ಆರ್ಕೇನ್ ಟ್ರಿಕ್‌ಸ್ಟರ್ ಎಂಬ ದಾರಿ ಹಿಡಿದರೆ ಮಾಂತ್ರಿಕರ ಪಟ್ಟಿಯಿಂದ ಕೆಲವು ಮಂತ್ರ ಕಲಿಯಬಹುದು. 2024ರ ಪರಿಷ್ಕೃತ ಪುಸ್ತಕದಲ್ಲಿ ಕೆಲವು ನಿಯಮ ಬದಲಾಗಿವೆ. ನಮ್ಮ ಮನೆಯಲ್ಲಿ ಹಳೆಯದೇ ನಡೆಯುತ್ತಿದೆ, ಇಲ್ಲಿರುವ ಲೆಕ್ಕವೂ ಅದರದೇ.

ಮೊದಲು ಲೆಕ್ಕ, ಆಮೇಲೆ ಆಸೆ

ಮೂರನೇ ಲೆವೆಲ್‌ನಲ್ಲಿ ಸಿಗುವುದು ಮೂರು ಕ್ಯಾಂಟ್ರಿಪ್, ಮೂರು ಮಂತ್ರ, ಎರಡು ಸ್ಲಾಟ್. ಕ್ಯಾಂಟ್ರಿಪ್ ಎಂದರೆ ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ. ದೊಡ್ಡ ಮಂತ್ರ ಹಾಕಿದಾಗಲೆಲ್ಲ ಒಂದು ಸ್ಲಾಟ್ ಖರ್ಚಾಗುತ್ತದೆ. ರಾತ್ರಿಯ ದೀರ್ಘ ವಿಶ್ರಾಂತಿಯ ನಂತರವಷ್ಟೇ ಅದು ಮರಳುತ್ತದೆ. ಅಂದರೆ ದಿನಕ್ಕೆ ಎರಡೇ ಅವಕಾಶ. ಆಟ ಶುರುವಾಗುವ ಮೊದಲು ಅವಳ ಹಾಳೆಯ ಮೇಲೆ ಎರಡು ಹುಣಸೆ ಬೀಜ ಇಡುತ್ತೇನೆ, ಮಂತ್ರ ಹಾಕಿದಾಗ ಒಂದನ್ನು ತೆಗೆಯುತ್ತೇನೆ. ಕಣ್ಣೆದುರಿಗೆ ಬೀಜ ಕಾಣುತ್ತಿದ್ದರೆ ಕೈ ತಾನಾಗಿ ಬಿಗಿಯಾಗುತ್ತದೆ.

ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಅನೇಕ ಮಂತ್ರಗಳಿಂದ ಪಾರಾಗಲು ಎದುರಾಳಿ ಸೇವಿಂಗ್ ಥ್ರೋ ಎಂಬ ದಾಳ ಉರುಳಿಸುತ್ತಾನೆ. ಅವನು ಮುಟ್ಟಬೇಕಾದ ಅಂಕಿ ಎಂಟು, ಅದಕ್ಕೆ ನಿಮ್ಮ ಪ್ರೊಫಿಷಿಯನ್ಸಿ ಬೋನಸ್ (ಲೆವೆಲ್ ಏರುತ್ತ ಹೋದಂತೆ ಬೆಳೆಯುವ ಪರಿಣತಿಯ ಅಂಕ), ಅದಕ್ಕೆ ಬುದ್ಧಿಶಕ್ತಿಯ ಬೋನಸ್. ಕಳ್ಳ ತನ್ನ ಅತ್ಯುತ್ತಮ ಅಂಕವನ್ನು ಚುರುಕುತನಕ್ಕೆ ಕೊಟ್ಟಿರುತ್ತಾನೆ. ಬುದ್ಧಿಗೆ 14 ಉಳಿದಿದ್ದರೆ ಅದೇ ಪುಣ್ಯ. ಆಗ ಲೆಕ್ಕ 8, ಪ್ರೊಫಿಷಿಯನ್ಸಿಯ 2, ಬುದ್ಧಿ 14 ಕೊಡುವ 2, ಒಟ್ಟು 12. ಯಾವ ಬೋನಸ್ಸೂ ಇಲ್ಲದ ಸಾಧಾರಣ ಕಾವಲುಗಾರನೇ ನೂರಕ್ಕೆ 45 ಸಲ ಪಾರಾಗುತ್ತಾನೆ, 3 ಬೋನಸ್ ಇದ್ದವನು 60 ಸಲ. ಹಿಡಿಯಸ್ ಲಾಫ್ಟರ್ ಎರಡು ಸಲವೂ ವ್ಯರ್ಥವಾದದ್ದು ಹೀಗೆ. ಚಾರ್ಮ್ ಪರ್ಸನ್ ಅನ್ನು ಅವಳು ಕಾಳಗದ ನಡುವೆ ಹಾಕಿದಳು. ಹೊಡೆದಾಟ ನಡೆಯುತ್ತಿರುವಾಗ ಎದುರಾಳಿಗೆ ಎರಡು ದಾಳ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವ ಅನುಕೂಲ ಸಿಗುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಮ್ಯಾಜಿಕ್ ಮಿಸೈಲ್ ಗುರಿ ತಪ್ಪುವುದಿಲ್ಲ, ನಿಜ. ಅದರ ಸರಾಸರಿ ಪೆಟ್ಟು ಹತ್ತೂವರೆ. ಆದರೆ ಅದೇ ಕಳ್ಳ ಚುರುಕುತನ 16 ಇಟ್ಟುಕೊಂಡು ಅವಿತಲ್ಲಿಂದ ಒಂದು ಬಾಣ ಬಿಟ್ಟರೆ, ಅದು ತಗುಲಿದಾಗ, ಸ್ನೀಕ್ ಅಟ್ಯಾಕ್ (ಹೊಂಚು ಹಾಕಿ ಹೊಡೆದ ಕಳ್ಳನಿಗೆ ಸಿಗುವ ಹೆಚ್ಚುವರಿ ಪೆಟ್ಟು) ಸೇರಿ ಸರಾಸರಿ ಹದಿಮೂರೂವರೆ. ಬಾಣಕ್ಕೆ ಹುಣಸೆ ಬೀಜ ಬೇಕಿಲ್ಲ.

ಆದ್ದರಿಂದ ಪಟ್ಟಿ ಓದುವಾಗ ಪ್ರತಿ ಮಂತ್ರಕ್ಕೂ ಎರಡು ಪ್ರಶ್ನೆ ಕೇಳಿ. ಎದುರಾಳಿ ದಾಳ ಉರುಳಿಸಬೇಕೇ? ಕಳ್ಳ ಬರಿಗೈಯಲ್ಲೇ ಇದನ್ನು ಮಾಡಬಲ್ಲನೇ? ಎರಡಕ್ಕೂ "ಇಲ್ಲ" ಎಂಬ ಉತ್ತರ ಬರುವ ಮಂತ್ರಗಳ ಕೆಳಗೆ ಗೆರೆ ಎಳೆಯಿರಿ.

ಕಾಣದ ಕೈ

ಮೂರು ಕ್ಯಾಂಟ್ರಿಪ್‌ಗಳಲ್ಲಿ ಮೇಜ್ ಹ್ಯಾಂಡ್ ತಾನಾಗಿಯೇ ಸಿಗುತ್ತದೆ, ಆರಿಸುವ ಮಾತಿಲ್ಲ. ಎಲ್ಲರೂ ಕಡೆಗಣಿಸುವುದೂ ಇದನ್ನೇ. ನನ್ನ ಮಟ್ಟಿಗೆ ಈ ಇಡೀ ದಾರಿಯ ಜೀವಾಳ ಈ ಕೈ. 30 ಅಡಿ ದೂರದವರೆಗೆ ಹೋಗುವ, 10 ಪೌಂಡ್ ತೂಕ ಎತ್ತಬಲ್ಲ ಒಂದು ಮಾಯಾಹಸ್ತ, ಒಂದು ನಿಮಿಷ ಇರುತ್ತದೆ. ಮಾಂತ್ರಿಕನ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ, ನಿಮ್ಮ ಕಳ್ಳನದು ಬೇಕೆಂದಾಗ ಅದೃಶ್ಯವಾಗುತ್ತದೆ. ಅದು ದೂರದಿಂದಲೇ ಬೀಗ ತೆಗೆಯಬಲ್ಲದು, ಬಲೆ ಬಿಚ್ಚಬಲ್ಲದು, ಸೊಂಟದ ಚೀಲದಿಂದ ವಸ್ತು ಎತ್ತಬಲ್ಲದು, ಇನ್ನೊಬ್ಬನ ಚೀಲದಲ್ಲಿ ಇಟ್ಟೂ ಬರಬಲ್ಲದು. ಅದನ್ನು ಆಡಿಸಲು ಬೋನಸ್ ಆಕ್ಷನ್, ಅಂದರೆ ಸರದಿಯ ಜೊತೆಗಿನ ಚಿಕ್ಕ ಹೆಚ್ಚುವರಿ ಕ್ರಿಯೆ, ಸಾಕು, ಮುಖ್ಯ ಸರದಿ ನಿಮ್ಮಲ್ಲೇ ಉಳಿಯುತ್ತದೆ.

ನಾನು ಆಟದ ನಕ್ಷೆ ಬರೆಯುವಾಗ ರಾಯಚೂರಿನ ಕೋಟೆಯನ್ನೇ ಎದುರಿಗಿಟ್ಟುಕೊಳ್ಳುತ್ತೇನೆ. 1294ರ ಶಾಸನವಿರುವ ಹಳೆಯ ಗೋಡೆ, ಅದರಾಚೆ ಇನ್ನೊಂದು ಸುತ್ತಿನ ಗೋಡೆ, ಅದರಾಚೆ ಕಂದಕ. ನವರಂಗಿ ದರವಾಜೆಯ ಎದುರು ನಿಂತು ನೋಡಿದವರಿಗೆ ಕಳ್ಳನ ಕಷ್ಟ ಏನೆಂದು ಅರ್ಥವಾಗುತ್ತದೆ: ನೀರು ದಾಟಬೇಕು, ಕಾವಲು ತಪ್ಪಿಸಬೇಕು, ಬಾಗಿಲು ತೆಗೆಯಬೇಕು. ಕಾಣದ ಕೈ ಇದ್ದವನು ಕಾವಲುಗಾರನಿಂದ 30 ಅಡಿ ದೂರದ ಕತ್ತಲಲ್ಲೇ ನಿಂತು ಬೀಗದ ಕೈಗೊಂಚಲನ್ನು ತರಿಸಿಕೊಳ್ಳಬಹುದು. ಮಂತ್ರ ಆರಿಸುವ ಮೊದಲು ಇಂಥ ಒಂದು ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವ ಹಂತದಲ್ಲಿ ಈ ಕೈ ಸಾಲದು ಎಂದು ಹುಡುಕಿ. ಸಾಲದ ಕಡೆಗೆ ಮಾತ್ರ ಮಂತ್ರ ಬೇಕು.

ಉಳಿದ ಎರಡು ಕ್ಯಾಂಟ್ರಿಪ್‌ಗಳಲ್ಲಿ ಒಂದು ಮೈನರ್ ಇಲ್ಯೂಷನ್ ಆಗಲೇಬೇಕು. ಒಂದು ಸದ್ದು, ಇಲ್ಲವೇ ಐದಡಿ ಚೌಕದೊಳಗಿನ ಒಂದು ನಿಶ್ಚಲ ರೂಪ. ಕುದುರೆ ಕೆನೆದ ಸದ್ದು, ಗೋಡೆಗೆ ಒರಗಿಸಿಟ್ಟ ಧಾನ್ಯದ ಮೂಟೆ. ಮೂಟೆಯ ಹಿಂದೆ ನೀವು. ಇನ್ನೊಂದಕ್ಕೆ ನಾನು ಮೆಸೇಜ್ ಹೇಳುತ್ತೇನೆ: 120 ಅಡಿ ದೂರದ ಸಂಗಾತಿಯ ಕಿವಿಗೆ ಪಿಸುಮಾತು, ಅವನ ಮರುಮಾತೂ ನಿಮಗೆ. ಫೈರ್ ಬೋಲ್ಟ್‌ನಂತಹ ಬೆಂಕಿಯ ಕ್ಯಾಂಟ್ರಿಪ್ ಬೇಡ. ಅದು ಆಯುಧವಲ್ಲವಾದ್ದರಿಂದ ಸ್ನೀಕ್ ಅಟ್ಯಾಕ್ ಅದಕ್ಕೆ ಸೇರುವುದಿಲ್ಲ.

ಕಣ್ಕಟ್ಟು ಮತ್ತು ಮರುಳು

ಮೂರು ಮಂತ್ರಗಳಲ್ಲಿ ಎರಡು ಇಲ್ಯೂಷನ್ ಅಥವಾ ಎನ್ಚಾಂಟ್‌ಮೆಂಟ್ ವರ್ಗದವೇ ಆಗಿರಬೇಕು. ಕನ್ನಡದಲ್ಲಿ ಕಣ್ಕಟ್ಟು ಮತ್ತು ಮರುಳು ಎಂದರೆ ಎರಡೂ ತಟ್ಟನೆ ತಿಳಿಯುತ್ತವೆ.

ಕಣ್ಕಟ್ಟಿನಲ್ಲಿ ನನ್ನ ಮೊದಲ ಆಯ್ಕೆ ಡಿಸ್ಗೈಸ್ ಸೆಲ್ಫ್. ಒಂದು ತಾಸು ಬೇರೆಯವರ ವೇಷ. ಮೈಗಾತ್ರ, ಬಟ್ಟೆ, ಆಯುಧ ಎಲ್ಲವೂ ಬದಲಾದಂತೆ ಕಾಣುತ್ತದೆ. ಎತ್ತರದಲ್ಲಿ ಒಂದಡಿ ಮಾತ್ರ ಹೆಚ್ಚು ಕಡಿಮೆ ಮಾಡಬಹುದು, ಯಾರಾದರೂ ಮುಟ್ಟಿದರೆ ಗುಟ್ಟು ರಟ್ಟಾಗಬಹುದು. ಅನುಮಾನ ಬಂದವನು ನಿಂತು ಪರೀಕ್ಷಿಸಿದಾಗಷ್ಟೇ ದಾಳ ಉರುಳುತ್ತದೆ, ಅನುಮಾನ ಬಾರದಂತೆ ನಡೆದುಕೊಂಡರೆ ದಾಳದ ಮಾತೇ ಬರುವುದಿಲ್ಲ. ಮಾತುಗಾರರಾದ ಆಟಗಾರರ ಕೈಯಲ್ಲಿ ಈ ಮಂತ್ರ ಅರಳುವುದನ್ನು ನೋಡುವುದೇ ನನಗೆ ದೊಡ್ಡ ಸಂತೋಷ.

ಸೈಲೆಂಟ್ ಇಮೇಜ್ ಕೂಡ ಒಳ್ಳೆಯದು. 15 ಅಡಿ ಚೌಕದಲ್ಲಿ ಚಲಿಸುವ ಚಿತ್ರ, ಆದರೆ ಸದ್ದಿಲ್ಲ. ಮೈನರ್ ಇಲ್ಯೂಷನ್ ಕೈಯಲ್ಲಿರುವವರಿಗೆ ಇದು ಮೊದಲ ದಿನವೇ ಬೇಕಿಲ್ಲ.

ಮರುಳಿನಲ್ಲಿ ಸ್ಲೀಪ್. ಎಂಟು ಮುಖದ ಐದು ದಾಳ ಉರುಳಿಸಿ ಬಂದ ಮೊತ್ತದಷ್ಟು ಜೀವಬಲ ಇರುವವರು, ಕಡಿಮೆ ಇರುವವರಿಂದ ಆರಂಭಿಸಿ, ಒಬ್ಬೊಬ್ಬರಾಗಿ ನಿದ್ದೆಗೆ ಜಾರುತ್ತಾರೆ. ಎದುರಾಳಿಗೆ ತಪ್ಪಿಸಿಕೊಳ್ಳುವ ದಾಳವೇ ಇಲ್ಲ, ನಿಮ್ಮ ಬುದ್ಧಿಶಕ್ತಿಯನ್ನು ಯಾರೂ ಕೇಳುವುದಿಲ್ಲ. ಮೊತ್ತದ ಸರಾಸರಿ ಇಪ್ಪತ್ತೆರಡೂವರೆ. ನಿಯಮ ಪುಸ್ತಕದ ಸಾಮಾನ್ಯ ಕಾವಲುಗಾರನ ಜೀವಬಲ 11. ಬಾಗಿಲಿಗೆ ಇಬ್ಬರಿದ್ದರೆ ಇಬ್ಬರೂ ಒಂದು ನಿಮಿಷ ಮಲಗಬಹುದು. ಶತ್ರುಗಳು ಬಲಿಯುತ್ತ ಹೋದಂತೆ ಇದರ ಉಪಯೋಗ ಇಳಿಯುತ್ತದೆ. ಲೆವೆಲ್ ಏರಿದಾಗಲೆಲ್ಲ ಹಳೆಯ ಒಂದು ಮಂತ್ರ ಬಿಟ್ಟು ಹೊಸದನ್ನು ಕಲಿಯಲು ಅವಕಾಶವಿದೆ, ಆಗ ಬಿಡಿ. 2024ರ ಪುಸ್ತಕ ಬಳಸುವವರು ಎಚ್ಚರ: ಅಲ್ಲಿ ಸ್ಲೀಪ್‌ಗೂ ಸೇವಿಂಗ್ ಥ್ರೋ ಬಂದಿದೆ. ಆ ಪುಸ್ತಕದಲ್ಲಿ ಈ ಎರಡು ವರ್ಗಗಳ ಕಟ್ಟುಪಾಡೂ ಇಲ್ಲ.

ಮೂರನೆಯದು ನಿಮ್ಮ ಇಷ್ಟದ್ದು

ಇಲ್ಲಿ ಹೆಚ್ಚಿನವರು ಶೀಲ್ಡ್ ಆರಿಸುತ್ತಾರೆ. ಏಟು ಬೀಳುವ ಕ್ಷಣದಲ್ಲಿ ರಕ್ಷಣೆಗೆ ಐದು ಅಂಕ ಸೇರಿಸುವ ಮಂತ್ರ. ಒಳ್ಳೆಯದೇ, ಆದರೆ ಅದಕ್ಕೆ ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲೂ ತಟ್ಟನೆ ಪ್ರತಿಕ್ರಿಯಿಸುವ ಅವಕಾಶ, ಬೇಕು. ಐದನೇ ಲೆವೆಲ್‌ನಲ್ಲಿ ಕಳ್ಳನಿಗೆ ಪೆಟ್ಟನ್ನು ಅರ್ಧಕ್ಕಿಳಿಸುವ ಅನ್‌ಕ್ಯಾನಿ ಡಾಡ್ಜ್ ಉಚಿತವಾಗಿ ಬರುತ್ತದೆ, ಅದಕ್ಕೂ ಬೇಕಾದದ್ದು ಅದೇ ರಿಯಾಕ್ಷನ್. ಒಂದು ಸುತ್ತಿಗೆ ರಿಯಾಕ್ಷನ್ ಒಂದೇ.

ನನ್ನ ಮತ ಫೈಂಡ್ ಫೆಮಿಲಿಯರ್‌ಗೆ. ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಹತ್ತು ಚಿನ್ನದ ನಾಣ್ಯ ಬೆಲೆಯ ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟು ಒಂದು ತಾಸು ಕುಳಿತರೆ ಪ್ರಾಣಿಯ ರೂಪದ ಒಂದು ಚೇತನ ನಿಮ್ಮ ಸೇವೆಗೆ ಬರುತ್ತದೆ. ಗೂಬೆಯನ್ನು ಆರಿಸಿ. ಮನೆಯ ಮೇಲೆ ಗೂಬೆ ಕೂತರೆ ಅಪಶಕುನ ಎನ್ನುವ ನಮ್ಮೂರಿನಲ್ಲಿ ಅವಳ ಗೂಬೆಗೆ ಇಡೀ ಗುಂಪು ಈಗ ಮಗುವಿನ ಹೆಸರಿಟ್ಟು ಕರೆಯುತ್ತದೆ. ಅದು ಹಾರಿ ಬಂದು ಶತ್ರುವಿನ ಗಮನ ಕದಡಿ, ಮರುಪೆಟ್ಟಿಗೆ ಸಿಗದೆ ಹಾರಿಹೋಗುತ್ತದೆ. ಅದರಿಂದ ನಿಮಗೆ ಎರಡು ದಾಳದ ಅನುಕೂಲ, ಆ ಅನುಕೂಲದಿಂದ ಸ್ನೀಕ್ ಅಟ್ಯಾಕ್. ಹೊಂಚು ಹಾಕಲು ಜಾಗವಿಲ್ಲದ ಬಯಲಿನಲ್ಲೂ ಕಳ್ಳನ ಏಟು ಉಳಿಯುತ್ತದೆ. 100 ಅಡಿಯೊಳಗೆ ಅದರ ಕಣ್ಣಿನಿಂದಲೇ ನೋಡಬಹುದು, ಹಾಗಾಗಿ ಕಂದಕದ ಆಚೆ ಎಷ್ಟು ಜನ ಇದ್ದಾರೆಂದು ಎಣಿಸಲು ಯಾರೂ ನೀರಿಗಿಳಿಯಬೇಕಿಲ್ಲ. ಗೂಬೆ ಸತ್ತರೆ ಮತ್ತೆ ಒಂದು ತಾಸು, ಮತ್ತೆ ಹತ್ತು ನಾಣ್ಯ, ಮತ್ತೆ ಒಂದು ಬೀಜ. ಮಾಂತ್ರಿಕನಂತೆ ಸ್ಲಾಟ್ ಇಲ್ಲದೆ ವಿಧಿಯ ರೂಪದಲ್ಲಿ ಕರೆಯುವ ಸೌಲಭ್ಯ ಈ ಕಳ್ಳನಿಗಿಲ್ಲ. ಆದ್ದರಿಂದ ರಾತ್ರಿ ಮಲಗುವ ಮುಂಚೆ, ಸ್ಲಾಟ್ ಉಳಿದಿದ್ದರೆ, ಕರೆಯಿರಿ.

ಬಾಯಿ, ಕೈ, ಏಕಾಗ್ರತೆ

ಆರಿಸಿದ ಮೇಲೂ ಪ್ರತಿ ಮಂತ್ರದ ಕೆಳಗಿನ ಸಣ್ಣ ಸಾಲುಗಳನ್ನು ಓದಿ. ಹೆಚ್ಚಿನವಕ್ಕೆ ಮಾತು ಬೇಕು, ಅಡಗಿ ಕುಳಿತವನು ಬಾಯಿಬಿಟ್ಟರೆ ಕಾವಲುಗಾರ ತಿರುಗಿ ನೋಡುತ್ತಾನೆ. ಮೈನರ್ ಇಲ್ಯೂಷನ್‌ಗೆ ಮಾತು ಬೇಕಿಲ್ಲ, ಕೈಸನ್ನೆ ಮತ್ತು ಒಂದಿಷ್ಟು ಉಣ್ಣೆ ಸಾಕು. ಕೈಸನ್ನೆ ಬೇಕಾದ ಮಂತ್ರಕ್ಕೆ ಒಂದು ಕೈ ಖಾಲಿ ಇರಬೇಕು, ಎರಡೂ ಕೈಯಲ್ಲಿ ಕತ್ತಿ ಹಿಡಿಯುವವರು ಇದನ್ನು ಮರೆಯುತ್ತಾರೆ. ಏಕಾಗ್ರತೆ ಬೇಡುವ ಮಂತ್ರ, ಅಂದರೆ ಮನಸ್ಸು ನೆಟ್ಟಿರುವವರೆಗಷ್ಟೇ ಉಳಿಯುವಂಥದ್ದು, ಒಂದು ಹೊತ್ತಿಗೆ ಒಂದೇ ನಡೆಯುತ್ತದೆ, ಅಂಥವನ್ನೇ ಎರಡು ಮೂರು ಕೂಡಿಹಾಕಬೇಡಿ.

ಏಳನೇ ಲೆವೆಲ್‌ನಿಂದ ಮುಂದೆ

ನಾಲ್ಕನೇ ಲೆವೆಲ್‌ನಲ್ಲಿ ಇನ್ನೊಂದು ಮಂತ್ರ, ಮೂರನೆಯ ಸ್ಲಾಟ್. ಏಳರಲ್ಲಿ ಎರಡನೇ ದರ್ಜೆಯ ಮಂತ್ರಗಳ ಬಾಗಿಲು ತೆರೆಯುತ್ತದೆ, ಅದೃಶ್ಯವಾಗಿಸುವ ಇನ್‌ವಿಸಿಬಿಲಿಟಿ ತೆಗೆದುಕೊಳ್ಳಿ. ಎಂಟರಲ್ಲಿ ಯಾವ ವರ್ಗದ್ದಾದರೂ ನಡೆಯುವುದರಿಂದ 30 ಅಡಿ ಥಟ್ಟನೆ ಜಿಗಿಸುವ ಮಿಸ್ಟಿ ಸ್ಟೆಪ್.

ಒಂಬತ್ತರಲ್ಲಿ ಮೊದಲು ಹೇಳಿದ ಲೆಕ್ಕ ತಲೆಕೆಳಗಾಗುತ್ತದೆ. ಅಡಗಿ ಕುಳಿತು ಹಾಕಿದ ಮಂತ್ರಕ್ಕೆ ಎದುರಾಳಿ ಎರಡು ದಾಳ ಉರುಳಿಸಿ ಕೆಟ್ಟದ್ದನ್ನು ಇಟ್ಟುಕೊಳ್ಳಬೇಕು. ಬುದ್ಧಿ 14ರಲ್ಲೇ ಇದ್ದರೂ ಮುಟ್ಟಬೇಕಾದ ಅಂಕಿ ಈಗ 14. 3 ಬೋನಸ್ ಇರುವವನು ಮಾಮೂಲಾಗಿ ನೂರಕ್ಕೆ 50 ಸಲ ಪಾರಾದರೆ, ಇಲ್ಲಿ 25 ಸಲ ಮಾತ್ರ. ಹೋಲ್ಡ್ ಪರ್ಸನ್ ಕಲಿಯುವ ಹೊತ್ತು ಇದು. ಸ್ತಬ್ಧನಾಗಿ ನಿಂತ ಮನುಷ್ಯನಿಗೆ ಐದಡಿಯೊಳಗಿಂದ ತಗುಲಿದ ಏಟು ನಿರ್ಣಾಯಕ ಏಟು, ಸ್ನೀಕ್ ಅಟ್ಯಾಕ್‌ನ ಐದು ದಾಳ ಹತ್ತಾಗುತ್ತವೆ.

ಅಕ್ಕನ ಮಗಳಿಗೆ ಪಟ್ಟಿಯನ್ನು ಹೊಸದಾಗಿ ಬರೆಯಲು ಅನುಮತಿ ಕೊಟ್ಟೆ. ಈ ಸಲ ಅವಳಿಗೆ ಹತ್ತು ನಿಮಿಷ ಸಾಕಾಯಿತು: ಡಿಸ್ಗೈಸ್ ಸೆಲ್ಫ್, ಸ್ಲೀಪ್, ಫೈಂಡ್ ಫೆಮಿಲಿಯರ್. ಗೂಬೆಯನ್ನು ಹಿಂದಿನ ರಾತ್ರಿಯೇ ಕರೆದಿಟ್ಟಿದ್ದಳು. ಕೋಟೆಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಗೋಡೆಯ ತಿರುವಿನಾಚೆ ಒಂದು ಕುದುರೆ ಕೆನೆಯಿತು, ಒಬ್ಬ ನೋಡಲು ಹೋದ. ಇನ್ನೊಬ್ಬನ ಸೊಂಟದಿಂದ ಕೈಗೊಂಚಲು ಮೆಲ್ಲನೆ ಕಳಚಿ ಕತ್ತಲಿಗೆ ತೇಲಿ ಬಂತು. ಬಾಗಿಲು ತೆರೆದುಕೊಂಡಾಗ ಎರಡೂ ಹುಣಸೆ ಬೀಜಗಳು ಅವಳ ಹಾಳೆಯ ಮೇಲೆ ಹಾಗೆಯೇ ಇದ್ದವು.