ಪ್ರಶ್ನೆ ಕೇಳಿದ ಮೇಲಿನ ಮೂರು ಸೆಕೆಂಡು

ಸ್ವಂತ ಪಾಠದ ವಿಡಿಯೊ ನೋಡಲು ಕೂತವರ ಕಣ್ಣಿಗೆ ಮೊದಲು ಬೀಳುವುದು ಸೀರೆಯ ನೆರಿಗೆ, ಹೊಟ್ಟೆ, ಕೈ ಆಡಿಸುವ ರೀತಿ. ದನಿಯಂತೂ ಬೇರೆ ಯಾರದೋ ಅನ್ನಿಸುತ್ತದೆ. ತಲೆಬುರುಡೆಯೊಳಗಿಂದ ನಮಗೆ ಕೇಳುವ ದನಿ ಮೊಬೈಲಿಗೆ ಸಿಗುವುದಿಲ್ಲವಲ್ಲ. ಮೊದಲ ವಿಡಿಯೊವನ್ನು ಸುಮ್ಮನೆ ನೋಡಿ ಅಳಿಸಿಬಿಡಿ. ಕೆಲಸ ಎರಡನೆಯದರಿಂದ.

ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೇ ತರಗತಿಗೆ ಗಣಿತ ಕಲಿಸುತ್ತೇನೆ. ಪುಸ್ತಕ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಪುಣೆಯ ಬಾಲಭಾರತಿಯದು. ಮಕ್ಕಳು ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ಕಿಟಕಿಯಾಚೆ ಲೋಕಲ್ ರೈಲಿನ ಹಾರ್ಬರ್ ಲೈನು. ಮುಖ್ಯೋಪಾಧ್ಯಾಯರ, ಪಾಲಕರ ಒಪ್ಪಿಗೆ ಪಡೆದು ಮೊಬೈಲನ್ನು ಹಲಗೆಯ ಪಕ್ಕದ ಕಪಾಟಿನ ಮೇಲಿಟ್ಟೆ. ಮಕ್ಕಳ ಮುಖ ಕಾಣಬೇಕು. ನನ್ನದು ಬೆನ್ನು ಕಂಡರೂ ಸಾಕು.

ಅವತ್ತು 1/2 + 1/3. "ಛೇದ ಬೇರೆ ಬೇರೆ ಇದ್ರೆ ಮೊದಲು ಏನ್ ಮಾಡ್ಬೇಕು?" ಎಂದು ಕೇಳಿದೆ. ವಿಡಿಯೊದಲ್ಲಿ ಮೂರನೇ ಬೆಂಚಿನ ಹುಡುಗಿಯ ತುಟಿ ಅಲುಗುತ್ತದೆ, ಬೆರಳು ಬೆಂಚಿನ ಮೇಲೆ ಏನೋ ಎಣಿಸುತ್ತದೆ. ಅಷ್ಟರಲ್ಲಿ ನನ್ನದೇ ದನಿ: "ಲ.ಸಾ.ಅ. ತೆಗೀಬೇಕು, ಅಲ್ವಾ?" ಇಡೀ ಕ್ಲಾಸು "ಹೌದ್ರೀ ಟೀಚರ್" ಅನ್ನುತ್ತದೆ. ಅವಳೂ ಅನ್ನುತ್ತಾಳೆ, ಬೆರಳು ಮಡಚಿಕೊಂಡು.

ಮುಂದೆ ಇನ್ನೊಂದು ಪ್ರಶ್ನೆ. ಕೇಳಿ ಮುಗಿಸುವುದಕ್ಕೂ ಪನ್ವೇಲ್ ಗಾಡಿ ಹಾಯುವುದಕ್ಕೂ ಸರಿಹೋಯಿತು. ಆ ಗದ್ದಲಕ್ಕೆ ನಾನು ಬಾಯಿ ಮುಚ್ಚಿ ನಿಂತೆ. ಗಾಡಿ ದಾಟುವಷ್ಟರಲ್ಲಿ, ಎಂದೂ ತುಟಿ ಬಿಚ್ಚದ ಇಬ್ಬರ ಕೈ ಮೇಲೆ!

ಬಿ.ಎಡ್.ನಲ್ಲಿ ಪರೀಕ್ಷೆಗೆಂದು ಉರು ಹೊಡೆದದ್ದು ಆಗ ನೆನಪಾಯಿತು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳು ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಕ್ಲಾಸಿನಲ್ಲಿ ಯಾರು ಎಷ್ಟು ಮಾತಾಡುತ್ತಾರೆಂದು ಎಣಿಸುವುದಕ್ಕೆ ಫ್ಲ್ಯಾಂಡರ್ಸ್ ಪದ್ಧತಿ ಇದೆ: ಪ್ರತಿ 3 ಸೆಕೆಂಡಿಗೆ ಒಂದು ಗುರುತು, 10 ವರ್ಗ. ಅದರಲ್ಲಿ 7 ಶಿಕ್ಷಕರ ಮಾತಿಗೆ, 2 ಮಕ್ಕಳ ಮಾತಿಗೆ, 1 ಮೌನ ಅಥವಾ ಗಲಿಬಿಲಿಗೆ. ಸಂಶೋಧಕರಿಗೆ ಅದು ಸರಿ. ರಾತ್ರಿ ಪಾತ್ರೆ ತೊಳೆದು ಕೂರುವವಳಿಗೆ ಮೂರು ಕಲಂ ಸಾಕು: ನಾನು, ಮಕ್ಕಳು, ಮೌನ. ಹತ್ತು ನಿಮಿಷದ ತುಣುಕಿಗೆ 200 ಗುರುತು, ಅದಕ್ಕಿಂತ ಹೆಚ್ಚು ಬೇಡ. ಸಾಮೂಹಿಕ "ಹೌದ್ರೀ"ಯನ್ನು ನಾನು ಮಕ್ಕಳ ಮಾತೆಂದು ಎಣಿಸುವುದಿಲ್ಲ, ಅದೂ ನನ್ನ ಖಾತೆಗೇ. ನನ್ನ ಕಲಂ ಎಷ್ಟು ಉದ್ದವಿತ್ತೆಂದು ಹೇಳಬೇಕಿಲ್ಲ.

ಸುಮ್ಮನೆ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ, ಬಾಯಿ ತುರಿಸುತ್ತದೆ. ಈಗ ಪ್ರಶ್ನೆ ಕೇಳಿದೊಡನೆ ಡಸ್ಟರ್ ಎತ್ತಿ ಹಲಗೆಯ ಒಂದು ಮೂಲೆ ಒರೆಸುತ್ತೇನೆ. ತಿರುಗುವಷ್ಟರಲ್ಲಿ ಮೂರು ಸೆಕೆಂಡು ಕಳೆದಿರುತ್ತದೆ.

"ಹಿಂಗೆ ನಿಂತ್ರೆ ಪೋರ್ಷನ್ ಮುಗಿಯುತ್ತೇನ್ರೀ?" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬ ಸರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಮಗ್ಗಿ ಕೇಳುವಾಗ ಕಾಯಬೇಕಾಗಿಲ್ಲ. "ಯಾಕೆ", "ಹೇಗೆ" ಎಂಬ ಪ್ರಶ್ನೆಗಷ್ಟೇ ಸಾಕು. ಹಾಗೆ ಮಾಡಿಯೂ ಪೋರ್ಷನ್ ಮುಗಿದಿದೆ. ಆ ಸರ್ ಈಗ ತಮ್ಮ ಪಾಠವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ನನಗೆ ತೋರಿಸಿಲ್ಲ, ನಾನೂ ಕೇಳಿಲ್ಲ.