ಕಾರಿಗೊಂದು ಜಿಪಿಎಸ್: ನಾನು ಏನೇನು ನೋಡಿ ಕೊಂಡೆ

ಫೋನ್ ಇದೆಯಲ್ಲ, ಕಾರಿಗೆ ಬೇರೆ ಜಿಪಿಎಸ್ ಯಾಕೆ? ಕೊಳ್ಳುವ ಮಾತು ತೆಗೆದಾಗೆಲ್ಲ ಈ ಪ್ರಶ್ನೆ ಬರುತ್ತಿತ್ತು. ಕೇಳಬೇಕಾದ ಪ್ರಶ್ನೆಯೇ. 2009ರ ಅಕ್ಟೋಬರ್‌ನಲ್ಲಿ ಗೂಗಲ್ ಫೋನಿನಲ್ಲೇ ಪುಕ್ಕಟೆಯಾಗಿ ದಾರಿ ಹೇಳುತ್ತೇನೆ ಅಂದ ದಿನ, ಕಾರಿನ ಜಿಪಿಎಸ್ ಮಾಡುವ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳೆರಡರ ಷೇರೂ ದಬ್ಬನೆ ಬಿದ್ದಿದ್ದವು. ಈ ಡಬ್ಬಿಗಳ ಕಾಲ ಮುಗಿಯಿತು ಅಂತ ಆಗ ಮಾತಾಯಿತು. ಆದರೂ ಅವು ಇನ್ನೂ ಮಾರುಕಟ್ಟೆಯಲ್ಲಿವೆ. ನಾನೂ ಒಂದನ್ನು ಕೊಂಡೆ.

ನನ್ನ ಕಾರಣ ಸರಳ. ನಾನು ಓಡಾಡುವ ದಾರಿಗಳಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ. ಬಿಸಿಲಲ್ಲಿ ಗಾಜಿನ ಹಿಂದೆ ಕೂತ ಫೋನ್ ಕಾದು ಸ್ಕ್ರೀನ್ ಮಂಕಾಗುತ್ತದೆ. ಸರಿಯಾಗಿ ತಿರುವಿನ ಹತ್ತಿರವೇ ಯಾರದ್ದೋ ಕರೆ ಬರುತ್ತದೆ. ಒಂದು ವಿಷಯ ಮಾತ್ರ ಹೇಳಿಬಿಡಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಇಲ್ಲವಾಗುವುದು ಮ್ಯಾಪ್. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಪ್ರದೇಶದ ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಥರದ ಆ್ಯಪ್‌ಗಳು ಇರುವುದೇ ಇದಕ್ಕೆ. ಅಪರೂಪಕ್ಕೆ ದೂರ ಹೋಗುವವರಿಗೆ ಇಷ್ಟು ಸಾಕು, ಡಬ್ಬಿ ಬೇಡ. ವಾರದಲ್ಲಿ ಹಲವು ದಿನ ಗೊತ್ತಿಲ್ಲದ ದಾರಿಯಲ್ಲಿ ಗಾಡಿ ಓಡಿಸುವವರ ಲೆಕ್ಕ ಬೇರೆ.

ಹುಡುಕಲು ಶುರು ಮಾಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಮೇಲಿನ ಉಪಗ್ರಹಗಳ ಜಾಹೀರಾತು. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೂ ಉಪಗ್ರಹಗಳೂ ಸಿಗುತ್ತವೆ ಅಂತ ಬರೆದಿರುತ್ತಾರೆ. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ 'ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು' ಅಂತ ಹೇಳುತ್ತಲೇ ಇರುತ್ತದೆ. ಆ ಮಾತು ನಮ್ಮನ್ನು ಮುಟ್ಟಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ನಮ್ಮ ಡಬ್ಬಿ ದೂರವನ್ನು ಲೆಕ್ಕ ಹಾಕುತ್ತದೆ. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೂ 300 ಮೀಟರ್ ವ್ಯತ್ಯಾಸ. ಡಬ್ಬಿಯ ಗಡಿಯಾರ ಅಷ್ಟು ನಿಖರವಾಗಿರುವುದಿಲ್ಲ. ಜಾಗ ತಿಳಿಯಲು ಬೇಕಾದ ಮೂರು ಉಪಗ್ರಹಗಳ ಜೊತೆ, ಅದನ್ನು ಸರಿಪಡಿಸಿಕೊಳ್ಳಲು ನಾಲ್ಕನೆಯದೂ ಬೇಕಾಗುತ್ತದೆ. ಅಮೆರಿಕ 2000ದ ಮೇ ತಿಂಗಳವರೆಗೆ ಸಾರ್ವಜನಿಕರ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿತು. ಬಯಲಿನಲ್ಲಿ ಈಗಿನ ಯಾವ ಡಬ್ಬಿಯಾದರೂ ಕೆಲವೇ ಮೀಟರ್ ಆಚೀಚೆ ಜಾಗ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಹೆಚ್ಚು ಉಪಗ್ರಹಗಳು ಸಿಕ್ಕರೆ ಒಳ್ಳೆಯದೇ. ಆದರೆ ಅದೊಂದನ್ನೇ ನೋಡಿ ಕೊಳ್ಳುವಂಥದ್ದಲ್ಲ.

ಇನ್ನೊಂದು ಸಂಗತಿಯೂ ಇದೆ. ಕಾರಿನ ಜಿಪಿಎಸ್ ತನಗೆ ಸಿಕ್ಕ ಜಾಗವನ್ನು ಹಾಗೇ ತೋರಿಸುವುದಿಲ್ಲ. ಹತ್ತಿರದ ರಸ್ತೆ ಯಾವುದು ಅಂತ ನೋಡಿ, ನಮ್ಮನ್ನು ಅದರ ಮೇಲೆ ಎಳೆದು ಕೂರಿಸುತ್ತದೆ. ಐದಾರು ಮೀಟರ್ ತಪ್ಪಿದ್ದರೂ ನಮಗೆ ಗೊತ್ತಾಗದಿರುವುದು ಇದಕ್ಕೇ. ತೊಂದರೆ ಶುರುವಾಗುವುದು ಎರಡು ರಸ್ತೆ ಅಕ್ಕಪಕ್ಕ ಇದ್ದಾಗ. ಹೆದ್ದಾರಿ ಮತ್ತು ಅದರ ಸರ್ವಿಸ್ ರಸ್ತೆ, ಫ್ಲೈಓವರ್ ಮತ್ತು ಅದರ ಕೆಳಗಿನ ರಸ್ತೆ. ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕ ಅಡ್ಡಡ್ಡ ಲೆಕ್ಕಕ್ಕಿಂತ ಕಳಪೆ. ನಾವು ಫ್ಲೈಓವರ್ ಮೇಲಿದ್ದೇವೋ ಕೆಳಗಿದ್ದೇವೋ ಅನ್ನುವುದು ಡಬ್ಬಿಗೆ ಎಷ್ಟೋ ಸಲ ಬರೀ ಊಹೆ. ನಾನು ಪರೀಕ್ಷೆ ಮಾಡಿದ್ದು ಇಂಥ ಕಡೆಯೇ. ಗೊತ್ತಿದ್ದೂ ಸರ್ವಿಸ್ ರಸ್ತೆಗೆ ಇಳಿದು, ಡಬ್ಬಿ ಎಷ್ಟು ಬೇಗ ಗುರುತಿಸುತ್ತದೆ ಅಂತ ನೋಡಿದೆ. ಒಂದು ಮಾದರಿ ಮುಂದಿನ ತಿರುವು ಬರುವವರೆಗೂ ನಾನು ಹೆದ್ದಾರಿಯಲ್ಲೇ ಇದ್ದೇನೆ ಅಂತ ಹಟ ಹಿಡಿದಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಸುರಂಗದ ಮಾತೂ ಇದೇ ಜಾತಿಯದು. ಕಾರಿನ ಕಂಪನಿಯೇ ಒಳಗೆ ಕೂರಿಸಿಕೊಡುವ ನ್ಯಾವಿಗೇಶನ್ ಸಾಮಾನ್ಯವಾಗಿ ಚಕ್ರದ ವೇಗ, ಗೈರೋ (ಕಾರು ಎಷ್ಟು ತಿರುಗಿತು ಅಂತ ಅಳೆಯುವ ಸಾಧನ) ಎರಡನ್ನೂ ಓದುತ್ತದೆ. ಸಿಗ್ನಲ್ ಹೋದರೂ ಕಾರು ಎಲ್ಲಿದೆ ಅಂತ ಸುಮಾರಾಗಿ ತಿಳಿದಿರುತ್ತದೆ. ಗಾಜಿಗೆ ಅಂಟಿಸುವ ಡಬ್ಬಿಗೆ ಸಾಮಾನ್ಯವಾಗಿ ಆ ಸೌಕರ್ಯ ಇಲ್ಲ. ಒಳಗೆ ಹೋಗುವಾಗ ಇದ್ದ ವೇಗದಲ್ಲೇ ಮುಂದೆ ಹೋಗುತ್ತಿದ್ದೀರಿ ಅಂತ ಅಂದಾಜು ಮಾಡುತ್ತದೆ, ಅಷ್ಟೇ. ಸುಮ್ನೆ ಹೇಳುತ್ತೇನೆ: 1981ರಲ್ಲಿ ಹೋಂಡಾ ಕಾರಿಗೆಂದು ತಂದ ನ್ಯಾವಿಗೇಟರ್‌ನಲ್ಲಿ ಉಪಗ್ರಹದ ಮಾತೇ ಇರಲಿಲ್ಲ. ಹೀಲಿಯಂ ಅನಿಲದ ಗೈರೋ, ಪರದೆಯ ಮುಂದೆ ತೂರಿಸುವ ಪಾರದರ್ಶಕ ಮ್ಯಾಪ್ ಹಾಳೆಗಳು, ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ನನ್ನ ದಾರಿಗಳಲ್ಲಿ ಉದ್ದದ ಸುರಂಗಗಳಿಲ್ಲ. ಒಳಗೇ ಕೂರಿಸಿದ್ದು ನನಗೆ ಬೇಕಾಗಲಿಲ್ಲ.

ಉಪಗ್ರಹ ನಾವು ಎಲ್ಲಿದ್ದೇವೆ ಅಂತ ಮಾತ್ರ ಹೇಳುತ್ತದೆ. ಎಲ್ಲಿ ತಿರುಗಬೇಕು, ಯಾವ ರಸ್ತೆ ಏಕಮುಖ, ಯಾವುದು ಮುಚ್ಚಿದೆ, ಇದೆಲ್ಲ ಮ್ಯಾಪಿನ ಕೆಲಸ. ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋದದ್ದು ಮ್ಯಾಪ್ ಪರೀಕ್ಷೆಗೆ. ಡಬ್ಬಿಯ ಹೊರಗಿನ ಹೆಸರು ಯಾವುದೇ ಇರಲಿ, ಒಳಗಿನ ಮ್ಯಾಪ್ ತಯಾರಿಸುವವರು ಕೆಲವರೇ. ಟಾಮ್‌ಟಾಮ್ 2008ರಲ್ಲಿ ಟೆಲಿ ಅಟ್ಲಾಸ್ ಅನ್ನುವ ಮ್ಯಾಪ್ ಕಂಪನಿಯನ್ನು ಕೊಂಡು ತನ್ನದೇ ಮ್ಯಾಪ್ ಮಾಡಿಕೊಂಡಿತು. ನ್ಯಾವ್‌ಟೆಕ್ ಅನ್ನುವ ಇನ್ನೊಂದು ಮ್ಯಾಪ್ ಕಂಪನಿ ನೋಕಿಯಾದ ಕೈಗೆ ಹೋಗಿ, ಹಿಯರ್ ಅಂತ ಹೆಸರು ಬದಲಾಗಿ, 2015ರಲ್ಲಿ ಆಡಿ, ಬಿಎಂಡಬ್ಲ್ಯೂ, ಡೈಮ್ಲರ್ ಕಾರು ಕಂಪನಿಗಳ ಪಾಲಾಯಿತು. ಗಾರ್ಮಿನ್ ಡಬ್ಬಿಗಳಲ್ಲಿ ಬಹಳ ವರ್ಷಗಳಿಂದ ಕಾಣುವುದು ಈ ಮನೆತನದ ಮ್ಯಾಪೇ. ಇವೆರಡರ ಜೊತೆಗೆ 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ.

ಇದು ತಿಳಿದಿದ್ದರೆ ದೊಡ್ಡ ಅನುಕೂಲ. ಡಬ್ಬಿ ಕೊಳ್ಳುವ ಮೊದಲೇ ಅದರ ಮ್ಯಾಪ್ ಹೇಗಿದೆ ಅಂತ ಹೆಚ್ಚುಕಡಿಮೆ ನೋಡಬಹುದು. ಹಿಯರ್‌ಗೆ 'ಹಿಯರ್ ವಿಗೋ' ಅನ್ನುವ ಉಚಿತ ಆ್ಯಪ್ ಇದೆ. ಟಾಮ್‌ಟಾಮ್‌ಗೂ ಆ್ಯಪ್ ಇದೆ. ನನಗೆ ಚೆನ್ನಾಗಿ ಗೊತ್ತಿರುವ ಜಾಗಗಳ ಒಂದು ಪಟ್ಟಿ ಮಾಡಿಕೊಂಡೆ. ಇತ್ತೀಚೆಗೆ ತೆರೆದ ಬೈಪಾಸ್. ಹೋದ ವರ್ಷ ಏಕಮುಖವಾದ ರಸ್ತೆ. ಕಾಗದದ ಮೇಲೆ ಇದ್ದು ನೆಲದ ಮೇಲೆ ಇಲ್ಲದ ಅಡ್ಡದಾರಿ. ಕಾರು ನುಗ್ಗದ ಓಣಿ. ಮನೆ ನಂಬರ್ ಕೊಟ್ಟರೆ ಸರಿಯಾದ ಬಾಗಿಲಿಗೆ ಒಯ್ಯುತ್ತದೋ, ಹಿಂದಿನ ಬೀದಿಗೋ ಅನ್ನುವುದನ್ನೂ ಸೇರಿಸಿದೆ. ಆ ಪಟ್ಟಿಯನ್ನು ಎಲ್ಲ ಮ್ಯಾಪ್‌ಗಳ ಮೇಲೂ ಓಡಿಸಿದೆ. ಎಲ್ಲದರಲ್ಲೂ ಗೆದ್ದ ಮ್ಯಾಪ್ ಒಂದೂ ಇರಲಿಲ್ಲ. ಹೆದ್ದಾರಿಗಳಲ್ಲಿ ಒಂದು ಮುಂದಿದ್ದರೆ ಓಣಿಗಳಲ್ಲಿ ಇನ್ನೊಂದು ಮುಂದೆ. ನನಗೆ ಓಣಿಗಿಂತ ಹೊಸ ಬೈಪಾಸ್ ಮುಖ್ಯವಾಗಿತ್ತು. ನಿಮಗೆ ಬೇರೆ ಇರಬಹುದು. ಪಟ್ಟಿ ಮಾತ್ರ ನಿಮ್ಮದೇ ಆಗಿರಬೇಕು.

ಆಮೇಲೆ ಅಪ್‌ಡೇಟ್ ವಿಚಾರ. 'ಜೀವಮಾನ ಪೂರ್ತಿ ಉಚಿತ ಮ್ಯಾಪ್' ಅಂದರೆ ಯಾರ ಜೀವಮಾನ? ನಮ್ಮದಲ್ಲ. ಕಂಪನಿ ಆ ಡಬ್ಬಿಗೆ ಮ್ಯಾಪ್ ಕೊಡುವುದನ್ನು ನಿಲ್ಲಿಸುವವರೆಗೆ. 2018ರಲ್ಲಿ ಟಾಮ್‌ಟಾಮ್ ತನ್ನ ಕೆಲವು ಹಳೆಯ ಮಾದರಿಗಳಿಗೆ ಇನ್ನು ಮುಂದೆ ಹೊಸ ಮ್ಯಾಪ್ ಬರುವುದಿಲ್ಲ ಎಂದಾಗ, ಜೀವಮಾನದ ಮ್ಯಾಪ್ ಅಂತ ಕೊಂಡವರೂ ಅದರಲ್ಲಿ ಸೇರಿದ್ದರು. ಹಾಗಾಗಿ ಅಂಗಡಿಯಲ್ಲಿ ಅಗ್ಗಕ್ಕೆ ಉಳಿದ ಹಳೆಯ ಮಾದರಿ ಬಿಟ್ಟು, ಮಾರುಕಟ್ಟೆಗೆ ಬಂದು ಹೆಚ್ಚು ದಿನವಾಗದ ಮಾದರಿಯನ್ನೇ ಆರಿಸಿದೆ. ಗಾರ್ಮಿನ್‌ನ ಹಳೆಯ ಮಾದರಿಗಳಲ್ಲಿ ಹೆಸರಿನ ಕೊನೆಗೆ ಎಲ್‌ಎಂ ಅಂತ ಇದ್ದರೆ ಇಂಥ ಜೀವಮಾನದ ಮ್ಯಾಪ್ ಸೇರಿದೆ, ಎಲ್‌ಎಂಟಿ ಅಂದರೆ ಟ್ರಾಫಿಕ್ ಮಾಹಿತಿಯೂ ಇದೆ ಅಂತ ಅರ್ಥ. ಯಾವ ದೇಶಗಳ ಮ್ಯಾಪ್ ಸೇರಿದೆ ಅನ್ನುವುದನ್ನೂ ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಬೇರೆ ಖಂಡಕ್ಕೆಂದು ತಯಾರಾದ ಡಬ್ಬಿ ಅಗ್ಗವಾಗಿ ಸಿಕ್ಕಿತು ಅಂತ ಕೊಂಡರೆ, ಮ್ಯಾಪಿಗೆ ಮತ್ತೆ ದುಡ್ಡು ಹಾಕಬೇಕಾಗುತ್ತದೆ. ಮ್ಯಾಪ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತವೆ. ಒಳಗಿನ ಮೆಮೊರಿ ಸಾಲದೆ ಹೋದಾಗ ಮೆಮೊರಿ ಕಾರ್ಡ್ ಹಾಕಲು ಜಾಗ ಇರಲೇಬೇಕು. ಕಂಪ್ಯೂಟರ್‌ಗೆ ಕೇಬಲ್ ಜೋಡಿಸಿ ಅಪ್‌ಡೇಟ್ ಮಾಡುವುದಕ್ಕಿಂತ ವೈಫೈ ಇರುವುದು ಮೇಲು. ಸುಲಭವಿಲ್ಲದಿದ್ದರೆ ಯಾರೂ ಅಪ್‌ಡೇಟ್ ಮಾಡುವುದಿಲ್ಲ, ಅಲ್ವಾ?

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. ಜಿಪಿಎಸ್ ವಾರಗಳನ್ನು ಎಣಿಸುತ್ತದೆ. ಹಳೆಯ ಪದ್ಧತಿಯಲ್ಲಿ ಆ ಎಣಿಕೆ 1024 ವಾರಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗೆ ಆದದ್ದು 1999ರ ಆಗಸ್ಟ್‌ನಲ್ಲಿ, ಆಮೇಲೆ 2019ರ ಏಪ್ರಿಲ್‌ನಲ್ಲಿ. ಅದಕ್ಕೆ ತಯಾರಿಲ್ಲದ ಹಳೆಯ ಡಬ್ಬಿಗಳು ತಾರೀಕು ತಪ್ಪು ತೋರಿಸುತ್ತವೆ. ತಲುಪುವ ಸಮಯದ ಲೆಕ್ಕವೂ ಹಾಳಾಗಬಹುದು. ಕೊಳ್ಳುವ ಮುಂಚೆ ಬಯಲಿನಲ್ಲಿ ಆನ್ ಮಾಡಿ ತಾರೀಕು ನೋಡಿದರೆ ಗೊತ್ತಾಗಿಬಿಡುತ್ತದೆ.

ಹಾಗೆ ಆನ್ ಮಾಡಿದ ತಕ್ಷಣ ಜಾಗ ತೋರಿಸಲಿಲ್ಲ ಅಂತ ಡಬ್ಬಿಯನ್ನು ಬೈಯಬೇಡಿ. ಉಪಗ್ರಹ ತನ್ನ ಕಕ್ಷೆಯ ವಿವರ ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ಒಂದು ಉಪಗ್ರಹದ ಸ್ವಂತ ವಿವರ 30 ಸೆಕೆಂಡಿಗೊಮ್ಮೆ ಬರುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಸಿಗಲು 12.5 ನಿಮಿಷ ಬೇಕು. ಫೋನ್ ಇದನ್ನು ನೆಟ್‌ವರ್ಕ್‌ನಿಂದ ಪಡೆದುಕೊಳ್ಳುತ್ತದೆ, ಅದಕ್ಕೇ ಅಷ್ಟು ಚುರುಕು. ತುಂಬಾ ದಿನ ಆಫ್ ಆಗಿದ್ದ ಡಬ್ಬಿಯನ್ನು ಮೊದಲ ಸಲ ತೆರೆದ ಆಕಾಶದ ಕೆಳಗೆ, ಕಾರು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಡಬೇಕು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪರೀಕ್ಷೆ ಮಾಡಿ ವಾಪಸ್ ಕೊಟ್ಟವರನ್ನು ನಾನು ಕಂಡಿದ್ದೇನೆ.

ನಿಮ್ಮ ಕಾರಿನ ಮುಂದಿನ ಗಾಜು ಶಾಖ ತಡೆಯುವ ಜಾತಿಯದ್ದಾ ಅಂತಲೂ ನೋಡಿಕೊಳ್ಳಿ. ಕೆಲವು ಗಾಜುಗಳಲ್ಲಿ ತೆಳ್ಳಗಿನ ಲೋಹದ ಲೇಪ ಇರುತ್ತದೆ. ಅದು ಬಿಸಿಲಿನ ಜೊತೆ ಉಪಗ್ರಹದ ಸಿಗ್ನಲ್ಲನ್ನೂ ತಡೆಯುತ್ತದೆ. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದೆ ನೋಡುವ ಕನ್ನಡಿಯ ಹತ್ತಿರ ಲೇಪವಿಲ್ಲದ ಒಂದು ತುಂಡು ಬಿಟ್ಟಿರುತ್ತಾರೆ. ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ.

ಸ್ಕ್ರೀನನ್ನು ಅಂಗಡಿಯ ದೀಪದಲ್ಲಿ ನೋಡಿ ಪ್ರಯೋಜನವಿಲ್ಲ. ನಾನು ಕೇಳಿಕೊಂಡು ಹೊರಗೆ ಬಿಸಿಲಿಗೆ ತಂದು ನೋಡಿದೆ. ಕಣ್ಣಿಗೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರು ಅದನ್ನು ಹಾಕಿಕೊಂಡೇ ನೋಡಬೇಕು. ಕೆಲವು ಸ್ಕ್ರೀನ್ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿಬಿಡುತ್ತದೆ. ಏಳು ಇಂಚಿನದು ಓದಲು ಚೆಂದ, ಆದರೆ ನನ್ನ ಸಣ್ಣ ಕಾರಿನಲ್ಲಿ ರಸ್ತೆಯನ್ನೇ ಮರೆಮಾಡುತ್ತಿತ್ತು. ಐದು ಇಂಚಿನ ಸ್ಕ್ರೀನಿನಲ್ಲಿ ಯಾವ ಲೇನ್ ಹಿಡಿಯಬೇಕು ಅನ್ನುವ ಬಾಣಗಳು ಕಣ್ಣಿಗೆ ಸಣ್ಣದಾದವು. ಆರು ಇಂಚಿಗೆ ಬಂದು ನಿಂತೆ. ಬೆರಳು ಒತ್ತಿ ಹಿಡಿಯಬೇಕಾದ ಹಳೆಯ ಥರದ ಸ್ಕ್ರೀನ್ ಬೇಡ, ಫೋನಿನ ಹಾಗೆ ಮುಟ್ಟಿದರೆ ಸಾಕು ಅನ್ನುವಂಥದ್ದು ಇರಲಿ. ಧ್ವನಿಯಲ್ಲಿ ನೋಡಬೇಕಾದ್ದು ಒಂದೇ: ರಸ್ತೆಯ ಹೆಸರು ಹೇಳುತ್ತದೋ, ಬರೀ 'ಎಡಕ್ಕೆ' ಅನ್ನುತ್ತದೋ. ಕಿಟಕಿ ಇಳಿಸಿಕೊಂಡು ಓಡಿಸುವಾಗಲೂ ಅದು ಕೇಳಿಸಬೇಕು.

ಡಬ್ಬಿಯನ್ನು ಗಾಜಿಗೆ ಕೂರಿಸುವ ಹಿಡಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ. ದಿನವೂ ಕೈ ಹಾಕುವುದು ಅದಕ್ಕೇ. ಚಾರ್ಜರ್ ವೈರ್ ಡಬ್ಬಿಗೆ ಸೇರುವ ಬದಲು ಹಿಡಿಕೆಗೆ ಸೇರುವ ಮಾದರಿಗಳಿವೆ, ಡಬ್ಬಿ ಆಯಸ್ಕಾಂತದಿಂದ ಅಂಟುತ್ತದೆ. ಕಾರು ನಿಲ್ಲಿಸಿದಾಗ ಒಂದೇ ಕೈಯಲ್ಲಿ ಕಿತ್ತು ಜೇಬಿಗೆ ಹಾಕಬಹುದು. ಕಳ್ಳರ ಕಣ್ಣಿಗೂ ಬೀಳುವುದಿಲ್ಲ, ಬಿಸಿಲಲ್ಲಿ ಬ್ಯಾಟರಿಯೂ ಬೇಯುವುದಿಲ್ಲ. ನಾನು ಈ ಥರದ್ದನ್ನೇ ತೆಗೆದುಕೊಂಡೆ. ಗಾಜಿನ ಮೇಲೆ ಎಲ್ಲಿ ಅಂಟಿಸಬಹುದು ಅನ್ನುವುದಕ್ಕೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ವೇಗದ ಕ್ಯಾಮೆರಾ ಇದೆ ಅಂತ ಎಚ್ಚರಿಸುವ ಸೌಲಭ್ಯಕ್ಕೂ ಹಾಗೇ. ಸ್ವಿಟ್ಜರ್ಲೆಂಡ್‌ನಲ್ಲಿ ಅದಕ್ಕೆ ನಿಷೇಧವಿದೆ. ಫ್ರಾನ್ಸ್‌ನಲ್ಲಿ ಕ್ಯಾಮೆರಾದ ಜಾಗದ ಬದಲು 'ಅಪಾಯದ ವಲಯ' ಅಂತ ಮಾತ್ರ ತೋರಿಸಬಹುದು. ಗಡಿ ದಾಟುವವರು ಸೆಟ್ಟಿಂಗ್ ಬದಲಾಯಿಸಿಕೊಳ್ಳಬೇಕು.

ಟ್ರಾಫಿಕ್ ಮಾಹಿತಿ ಬರುವ ದಾರಿ ಮೂರು: ಎಫ್‌ಎಂ ರೇಡಿಯೋ ಮೂಲಕ, ಬ್ಲೂಟೂತ್‌ನಲ್ಲಿ ಫೋನಿನ ಮೂಲಕ, ಡಬ್ಬಿಯದ್ದೇ ಸಿಮ್ ಮೂಲಕ. ಎಫ್‌ಎಂ ಮಾದರಿಗಳಲ್ಲಿ ಎಷ್ಟೋ ಸಲ ಆ್ಯಂಟೆನಾ ಚಾರ್ಜರ್ ವೈರಿನಲ್ಲೇ ಇರುತ್ತದೆ. ಬೇರೆ ವೈರ್ ಹಾಕಿದರೆ ಟ್ರಾಫಿಕ್ ಮಾಯ. ನಾನು ಫೋನಿಗೆ ಜೋಡಿಸುವುದನ್ನು ಆರಿಸಿದೆ. ನೆಟ್‌ವರ್ಕ್ ಇಲ್ಲದ ಕಡೆ ಟ್ರಾಫಿಕ್ಕೂ ಸಾಮಾನ್ಯವಾಗಿ ಇರುವುದಿಲ್ಲ.

ಮನೆಗೆ ತಂದ ಮೇಲೆ ಮೊದಲು ಮಾಡಿದ ಕೆಲಸ ಸೆಟ್ಟಿಂಗ್ ಬದಲಾಯಿಸುವುದು. 'ಹತ್ತಿರದ ದಾರಿ' ಅನ್ನುವುದನ್ನು ತೆಗೆದು 'ಬೇಗ ತಲುಪುವ ದಾರಿ' ಇಟ್ಟೆ. ಹತ್ತಿರದ ದಾರಿ ಅಂದರೆ ನೂರು ಮೀಟರ್ ಉಳಿಸಲು ಓಣಿಗೆ ನುಗ್ಗಿಸುತ್ತದೆ. ಮಣ್ಣಿನ ರಸ್ತೆ ಬೇಡ, ಯು ಟರ್ನ್ ಬೇಡ ಅಂತಲೂ ಹೇಳಿದೆ. ವಾಪಸ್ ಕೊಡಲು ಅವಕಾಶವಿದ್ದ ದಿನಗಳಲ್ಲೇ ಆ ಹಳೆಯ ಪಟ್ಟಿಯ ಜಾಗಗಳಿಗೆಲ್ಲ ನಿಜವಾಗಿ ಓಡಿಸಿಕೊಂಡು ಬಂದೆ.

ಇವತ್ತಿಗೂ ಇಷ್ಟವಾಗದ್ದು ಹುಡುಕಾಟ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಡಬ್ಬಿ ಕೈಚೆಲ್ಲುತ್ತದೆ. ಫೋನ್ ಹೇಗೋ ಅರ್ಥ ಮಾಡಿಕೊಳ್ಳುತ್ತದೆ. ಅದಕ್ಕೆ ಹೊರಡುವ ಮುಂಚೆ ಜಾಗವನ್ನು ಫೋನಿನಲ್ಲಿ ಹುಡುಕಿ, ಕಂಪನಿಯ ಆ್ಯಪ್ ಮೂಲಕ ಡಬ್ಬಿಗೆ ಕಳಿಸುತ್ತೇನೆ. ಅದು ಹೋಗದಿದ್ದರೆ ಅಕ್ಷಾಂಶ ರೇಖಾಂಶದ ಅಂಕಿಗಳನ್ನೇ ಒತ್ತುತ್ತೇನೆ. ಆ ಅಂಕಿಗಳನ್ನು ನೇರವಾಗಿ ತೆಗೆದುಕೊಳ್ಳುವ ಮೆನು ಇದೆಯೋ ಇಲ್ಲವೋ ಅಂತ ಕೊಳ್ಳುವಾಗಲೇ ಅಂಗಡಿಯಲ್ಲಿ ತೆರೆದು ನೋಡಿ.