ನಡಿಗೆ ಗುಂಪು ಕಟ್ಟುವುದು ಹೇಗೆ

‘ಎಲ್ಲರೂ ಸೇರಿ ವಾಕಿಂಗ್ ಶುರು ಮಾಡೋಣ್ವಾ?’ ಎಂದು ವಾಟ್ಸಾಪ್‌ನಲ್ಲಿ ಕೇಳಿದರೆ ಇಪ್ಪತ್ತು ಹೆಬ್ಬೆರಳು ಬೀಳುತ್ತವೆ, ಬೆಳಿಗ್ಗೆ ಬರುವವರು ಇಬ್ಬರು. ಮೊದಲು ಮೂರ್ನಾಲ್ಕು ಜನರನ್ನು ಎದುರಿಗೇ ಕೇಳಿ: ‘ಮಂಗಳವಾರ ಆರೂವರೆಗೆ ಗೇಟಿನ ಹತ್ತಿರ ಬರ್ತೀರಾ?’ ದಿನ, ಹೊತ್ತು, ಜಾಗ ಮೂರೂ ಹೇಳಿಬಿಟ್ಟರೆ ‘ನೋಡೋಣ’ ಎಂದು ಜಾರಿಕೊಳ್ಳುವುದು ಕಷ್ಟ.

ದಾರಿ ಹೊರಟ ಜಾಗಕ್ಕೇ ಬಂದು ಸೇರುವ ಸುತ್ತಾಗಿರಲಿ. ಒಂದೂವರೆ ಕಿಲೋಮೀಟರ್ ಆದರೆ ಸಾಧಾರಣ ನಡಿಗೆಗೆ ಸುಮಾರು 20 ನಿಮಿಷ. ಸುಸ್ತಾದವರು ಒಂದೇ ಸುತ್ತಿಗೆ ನಿಲ್ಲಿಸಬಹುದು, ಆಗದವರು ಎಂಬ ಮುಜುಗರವಿಲ್ಲದೆ. ಮುಂಚಿತವಾಗಿ ಅದೇ ಹೊತ್ತಿನಲ್ಲಿ ಒಮ್ಮೆ ನಡೆದು ಬೆಳಕು, ನಾಯಿಕಾಟ, ಕೂರುವ ಜಾಗ ನೋಡಿಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ವಾಹನಗಳು ಎದುರಿಗೆ ಬರುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು.

ಗುಂಪು ಒಡೆಯುವುದು ಹೆಚ್ಚಾಗಿ ವೇಗದಿಂದ. ಚುರುಕಿನವರು ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರಿದ ಕೂಡಲೇ ‘ಸರಿ, ಹೊರಡೋಣ’. ಅಂದರೆ ವಿಶ್ರಾಂತಿ ಸಿಗುವುದು ಬೇಡದವರಿಗೆ, ಬೇಕಾದವರಿಗೆ ಇಲ್ಲ. ಅಂಥವರು ಜಗಳವಾಡುವುದಿಲ್ಲ, ಮುಂದಿನ ವಾರದಿಂದ ಬರುವುದಿಲ್ಲ, ಅಷ್ಟೇ. ಆದ್ದರಿಂದ ಕೊನೆಯವರು ಬಂದ ಮೇಲೂ ಒಂದು ನಿಮಿಷ ನಿಲ್ಲಬೇಕು. ಎಲ್ಲರ ಹಿಂದೆ ಕೊನೆಯಲ್ಲಿ ನಡೆಯಲು ಒಬ್ಬರನ್ನು ಬಾಲದಾಳು ಎಂದು ನೇಮಿಸಿ. ಅವರು ಯಾರನ್ನೂ ದಾಟುವಂತಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಚುರುಕು ನಡಿಗೆಯ ಅಳತೆ ಇದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಗುಂಪು ವಾರಕ್ಕೆರಡು ದಿನದಿಂದ ಶುರುವಾಗಲಿ. ಐದು ದಿನದ ಹುಮ್ಮಸ್ಸು ಹೆಚ್ಚು ಕಾಲ ಬಾಳುವುದು ಅಪರೂಪ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಸಹಾಯಕ್ಕೆ ಕರೆ ಮಾಡಿ. ಇದಕ್ಕಾಗಿ ಬಾಲದಾಳಿನ ಬಳಿ ಫೋನ್ ಇರಲೇಬೇಕು.

ಇಬ್ಬರೇ ಬಂದರೂ ನಡೆಯಿರಿ. ‘ಇವತ್ತು ಏಳಕ್ಕೆ ಇಟ್ಕೊಳ್ಳೋಣ’ ಎಂದು ಒಮ್ಮೆ ಶುರುವಾದರೆ ಪ್ರತಿ ಸಲವೂ ಚೌಕಾಸಿ. ಗುಡುಗು ಸಿಡಿಲಿಗೆ ಮಾತ್ರ ರದ್ದು, ಅದನ್ನೂ ಅರ್ಧ ಗಂಟೆ ಮುಂಚೆ ತಿಳಿಸಿ. ಹಿಂದಿನ ರಾತ್ರಿ ಒಂದು ಸಾಲಿನ ನೆನಪೋಲೆ ಸಾಕು. ಬಾರದವರನ್ನು ಗ್ರೂಪಿನಲ್ಲಿ ‘ಯಾಕೆ ಬರಲಿಲ್ಲ?’ ಎಂದು ಕೇಳಲೇಬೇಡಿ. ಟೀ ಶರ್ಟ್, ಬ್ಯಾನರ್, ವಂತಿಗೆ ಯಾವುದೂ ಬೇಡ. ಹಣ ಬಂದ ಕಡೆ ಲೆಕ್ಕದ ತಕರಾರೂ ಬರುತ್ತದೆ.

ಎರಡನೇ ತಿಂಗಳಿಂದ ಮುಂದಾಳತ್ವವನ್ನು ಸರದಿಯ ಮೇಲೆ ಹಂಚಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದ ವಾರ ಗುಂಪೂ ಇರುವುದಿಲ್ಲ. ಹದಿನೈದು ಜನ ದಾಟಿದರೆ ವೇಗ ನೋಡಿ ಎರಡು ಮಾಡಿ, ಆದರೆ ಹೊರಡುವ ಜಾಗ ಮತ್ತು ಹೊತ್ತು ಒಂದೇ ಇರಲಿ.